ಬೇಸಿಗೆ ರಜೆಗೆ ಮಕ್ಕಳ ಜೊತೆ ಮಾಲ್ಗುಡಿ ಡೇಸ್: ಯಾವ ಕಂತಿನಿಂದ ಶುರು ಮಾಡೋದು?

ಕೇಳಿದವರು: ಕುವೆಂಪುನಗರ, ಮೈಸೂರು

ಅಕ್ಕನ ಮಕ್ಕಳಿಬ್ಬರು ರಜೆಗೆ ಬರುತ್ತಿದ್ದಾರೆ. ದೊಡ್ಡವಳಿಗೆ 12, ಚಿಕ್ಕವನಿಗೆ 9. ಅರ್ಧ ನಿಮಿಷದ ವಿಡಿಯೋನೂ ಪೂರ್ತಿ ನೋಡದ ಜನ ಇವರು, ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಶಂಕರನಾಗ್ ಅವರ ಮಾಲ್ಗುಡಿ ಡೇಸ್ ನೋಡೋಣ ಅಂತ ನನ್ನ ಆಸೆ. 2006ರಲ್ಲಿ ಕವಿತಾ ಲಂಕೇಶ್ ಮಾಡಿದ್ದಲ್ಲ, 80ರ ದಶಕದಲ್ಲಿ ದೂರದರ್ಶನದಲ್ಲಿ ಬಂದದ್ದು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಮೊದಲಿನಿಂದ ಸಾಲಾಗಿ ನೋಡೋದಾ, ಆರಿಸಿಕೊಂಡು ನೋಡೋದಾ? ಮಕ್ಕಳ ಜೊತೆ ನೋಡಿದವರು ಯಾವ ಕಂತು ಹಿಡಿಸಿತು, ಯಾರ ಪಾತ್ರ ಮನಸ್ಸಲ್ಲಿ ಉಳಿಯಿತು, ಯಾವುದಕ್ಕೆ ಮಕ್ಕಳು ಎದ್ದು ಹೋದರು, ಎಲ್ಲ ಹೇಳಿ.

ಸರಸ್ವತಿಪುರಂನಿಂದ

ಎಲ್ಲವನ್ನೂ ಸಾಲಾಗಿ ಬೇಡ ಮೇಡಂ. ಸ್ವಾಮಿ ಅನ್ನೋ ಹುಡುಗನ ಕಂತುಗಳನ್ನು ಮಾತ್ರ ಸಾಲಾಗಿ ನೋಡಿ, ಅದು ಒಂದೇ ಕಥೆ. ಉಳಿದವು ಬಿಡಿ ಕಥೆಗಳು, ಯಾವಾಗ ಬೇಕಾದರೂ ನೋಡಬಹುದು.

ನಮ್ಮ ಮನೆಯಲ್ಲಿ ಮೊದಲು ಹಾಕಿದ್ದು ಸ್ವಾಮಿ ಕಳ್ಳನನ್ನು ಹಿಡಿಯುವ ಕಥೆ. ಅಪ್ಪ ಪೇಪರಿನಲ್ಲಿ ಹುಲಿ ಜೊತೆ ಸೆಣಸಿದ ಒಬ್ಬ ಹಳ್ಳಿ ಹುಡುಗನ ಸುದ್ದಿ ಓದುತ್ತಾರೆ. ಅದೆಲ್ಲ ಆಗಲ್ಲ, ಅವನು ದೊಡ್ಡವನೇ ಇರಬೇಕು ಅಂತ ಸ್ವಾಮಿ. ಶಕ್ತಿ ವಯಸ್ಸು ಎಲ್ಲ ಆಮೇಲೆ, ಧೈರ್ಯ ಮುಖ್ಯ, ಇದ್ದರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಅಪ್ಪ. ಅಷ್ಟು ದಿನ ಅಜ್ಜಿ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ! ಅಲ್ಲಿಂದ ಮಲಗುವ ಹೊತ್ತಿನ ತನಕ ಸ್ವಾಮಿ ತಪ್ಪಿಸಿಕೊಳ್ಳೋಕೆ ಹೂಡುವ ಆಟ ನೋಡಿ ನಮ್ಮ ಹುಡುಗ ಮೊಬೈಲ್ ಕೆಳಗಿಟ್ಟ. ಯಾಕೆಂದರೆ ಅವನೂ ಅದನ್ನೇ ಮಾಡುತ್ತಾನೆ.

ಎಲ್ಲರೂ ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥ್‌ನನ್ನು ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ನಾನು ಈಗ ನೋಡುವಾಗ ಕಣ್ಣು ಹೋಗುವುದು ಅಪ್ಪನ ಪಾತ್ರದ ಗಿರೀಶ್ ಕಾರ್ನಾಡರ ಕಡೆಗೆ. ದನಿ ಏರಿಸದೆಯೇ ಮಗನನ್ನು ಕಟ್ಟಿಹಾಕುತ್ತಾರೆ. ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಗಂಡನಿಗೆ ಎದುರು ಮಾತಾಡದೆ ಮಗನ ಪರ ವಹಿಸುವುದು ಹೇಗೆ ಅಂತ ಅವರನ್ನು ನೋಡಿ ಕಲಿಯಬೇಕು. ಮಾವಿನ ಹಣ್ಣಿನ ಲೆಕ್ಕ ಬಿಡಿಸು ಅಂದರೆ ಸ್ವಾಮಿ, ಆ ಹಣ್ಣು ಮಾಗಿತ್ತಾ ಇಲ್ಲವಾ ಅಂತ ತಲೆ ಕೆಡಿಸಿಕೊಳ್ಳುವುದು ಇದೆಯಲ್ಲ, ಲೆಕ್ಕಕ್ಕೆ ಹೆದರುವ ಮಕ್ಕಳಿದ್ದರೆ ಅದೊಂದೇ ಸಾಕು. ರಜೆಯಲ್ಲೂ ಗಣಿತ ಹೇಳಿಕೊಡುವ ಅಪ್ಪಂದಿರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಮಂಡ್ಯದಿಂದ

ನಾನು ವಿಷ್ಣು ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕಥೆ ಇದೆ, ಅದರಲ್ಲಿ ವೆಂಕಟರಾವ್ ಆಗಿ ಮಾಡಿರುವುದು ವಿಷ್ಣುವರ್ಧನ್. ಫೈಟ್ ಇಲ್ಲ, ಹಾಡಿಲ್ಲ, ಎದುರಿಗೆ ನಿಲ್ಲಿಸಿ ಹೊಡೆಯೋಕೆ ವಿಲನ್ನೂ ಇಲ್ಲ. ಮಗಳನ್ನು ಸಂಜೆ ಸಿನಿಮಾಗೆ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಿರುತ್ತಾನೆ. ಆ ಮಗು ತಲೆ ಬಾಚಿಸಿಕೊಂಡು, ಒಳ್ಳೆ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತದೆ. ಇತ್ತ ಆಫೀಸಿನಲ್ಲಿ ಬಿಡುವುದಿಲ್ಲ. ರೋಸಿ ಹೋಗಿ ರಾಜೀನಾಮೆ ಬರೆದು ಒಳಗೆ ಹೋದರೆ ಮೇಲಿನವರು ಸಂಬಳ ಜಾಸ್ತಿ ಮಾಡಿದ್ದೇವೆ ಅಂತಾರೆ. ಐದು ರೂಪಾಯಿ. ರಾಜೀನಾಮೆ ಅಲ್ಲಿಗೇ ಮುಗಿಯಿತು. ಮನೆಗೆ ಬರುವ ಹೊತ್ತಿಗೆ ಮಗು ಅದೇ ಬಟ್ಟೆಯಲ್ಲಿ ಮಲಗಿಬಿಟ್ಟಿರುತ್ತದೆ.

ಬೆಳ್ಳಿತೆರೆಯಲ್ಲಿ ಕೈ ಎತ್ತಿದರೆ ಶಿಳ್ಳೆ ಬೀಳುತ್ತಿದ್ದ ಮನುಷ್ಯ ಇಲ್ಲಿ ಫೈಲು ಹಿಡಿದುಕೊಂಡು ಸಾಹೇಬರ ಮುಂದೆ ಕುಗ್ಗಿ ನಿಲ್ಲುತ್ತಾರೆ. ಅಭಿಮಾನಿಗೆ ಅದು ಹೊಟ್ಟೆ ಚುರ್ ಅನಿಸುತ್ತದೆ, ಆದರೆ ನನ್ನ ಲೆಕ್ಕದಲ್ಲಿ ಇಡೀ ಧಾರಾವಾಹಿಯ ಅತಿ ಒಳ್ಳೆಯ ನಟನೆ ಅದೇ. ಕಾರ್ಖಾನೆ ಕೆಲಸದಲ್ಲಿ ಓಟಿ ಮಾಡಿ ಬರುವ ನನಗೆ ಹಾಗನಿಸುತ್ತದೋ ಏನೋ. ಮಗಳು ನೋಡಿದ ಮೇಲೆ ಏನೂ ಅನ್ನಲಿಲ್ಲ. ಮಾರನೇ ದಿನ "ಅಪ್ಪ, ಇವತ್ತು ಎಷ್ಟೊತ್ತಿಗೆ ಬರ್ತೀಯ" ಅಂತ ಕೇಳಿದಳು, ಅಷ್ಟೇ.

ಯಾದವಗಿರಿಯಿಂದ

ಮಂಡ್ಯದ ಅಣ್ಣ ಹೇಳಿದ್ದು ನಿಜ, ಆದರೆ 9 ವರ್ಷದ ಹುಡುಗನಿಗೆ ಅದನ್ನು ಮೊದಲ ವಾರ ತೋರಿಸಬೇಡಿ. ಮೊದಲು ನಗಿಸಿ. ಜಾತ್ರೆಯ ಲಾಟರಿಯಲ್ಲಿ ಒಬ್ಬನಿಗೆ ರೋಡ್ ರೋಲರ್ ಬಹುಮಾನ ಬರುವ ಕಥೆ ಹಾಕಿ. ಬಹುಮಾನ ಬಂತು ಅಂತ ಬೀಗಿದವನಿಗೆ ಅದನ್ನು ನಿಲ್ಲಿಸೋಕೆ ಜಾಗ ಇಲ್ಲ, ನಿಂತ ಜಾಗಕ್ಕೆ ಬಾಡಿಗೆ, ಓಡಿಸೋಕೆ ಡ್ರೈವರ್ ಇಲ್ಲ. ಕೊನೆಗೆ ದೇವಸ್ಥಾನದ ಆನೆ ತಂದು ಎಳೆಸುತ್ತಾರೆ, ಕಾಂಪೌಂಡ್ ಗೋಡೆ ಹೋಗುತ್ತದೆ! ಮೈಸೂರಿನ ಮಕ್ಕಳಿಗೆ ಆನೆ ಹೊಸದಲ್ಲ, ಆದರೆ ರೋಡ್ ರೋಲರ್ ಎಳೆಯುವ ಆನೆ? ನಮ್ಮ ಮನೆಯಲ್ಲಿ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಆ ಯಂತ್ರ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಅಂತ ನಾನು ಹೇಳುವುದಿಲ್ಲ.

ಇನ್ನೊಂದು, ಈ ಕಥೆಗಳನ್ನು ಬರೆದ ಆರ್.ಕೆ. ನಾರಾಯಣ್ ಅವರ ನಮ್ಮ ಏರಿಯಾದ ಮನೆ ಈಗ ಮ್ಯೂಸಿಯಂ ಆಗಿದೆ, 2016ರಿಂದ. ಆದರೆ ಮೊದಲೇ ಕರೆದುಕೊಂಡು ಬರಬೇಡಿ. ಏನೂ ನೋಡದೆ ಬಂದ ಮಕ್ಕಳು ಐದು ನಿಮಿಷಕ್ಕೆ ಐಸ್‌ಕ್ರೀಮ್ ಕೇಳುತ್ತಾರೆ. ಸ್ವಾಮಿ ಮುಗಿದ ಮೇಲೆ ಬನ್ನಿ. ಟೈಟಲ್‌ನಲ್ಲಿ ಬರುವ ಚಿತ್ರಗಳು ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದ್ದು, ಅವರು ಹುಟ್ಟಿದ್ದೂ ಇಲ್ಲೇ ಮೈಸೂರಿನಲ್ಲಿ. ಆ ಟೈಟಲ್ ಸಂಗೀತ ಎಲ್. ವೈದ್ಯನಾಥನ್ ಅವರದ್ದು. ಓಡಿಸಿಬಿಡಬೇಡಿ, ಎರಡನೇ ರಾತ್ರಿಯಿಂದ ಮಕ್ಕಳೇ ಗುನುಗುತ್ತಾರೆ.

ಜಯಲಕ್ಷ್ಮೀಪುರಂನಿಂದ

ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. 2020ರ ಲಾಕ್‌ಡೌನ್ ಹೊತ್ತಿಗೆ ಕನ್ನಡಕ್ಕೆ ಡಬ್ ಆಗಿ ಝೀ ಕನ್ನಡದಲ್ಲಿ ಬಂದಿತ್ತು. ಸಿಕ್ಕಿದರೆ ಅಮ್ಮನಿಗೆ ಅದನ್ನೇ ಹಾಕಿ. ಸಿಗದಿದ್ದರೆ ಹಿಂದಿಯಲ್ಲೇ ನೋಡಿ, ದೊಡ್ಡವಳು ಅಜ್ಜಿಗೆ ಹೇಳಿಕೊಡಲಿ. ಅರ್ಥ ಹೇಳುವ ನೆಪದಲ್ಲಿ ಅವಳೂ ಎದ್ದು ಹೋಗುವುದಿಲ್ಲ.

ಅಮ್ಮನಿಗೆ ಅಂತ ಒಂದು ಕಂತು ಹೇಳುತ್ತೇನೆ. ಪೋಸ್ಟ್‌ಮ್ಯಾನ್ ತಾನಪ್ಪನದು. ಬೀದಿಯ ಎಲ್ಲರ ಮನೆ ಕಷ್ಟಸುಖ ಗೊತ್ತಿರುವ ಮನುಷ್ಯ, ಕಾಗದ ಕೊಟ್ಟು ಜಗುಲಿ ಮೇಲೆ ಕೂತು ಸುದ್ದಿ ಕೇಳಿಯೇ ಹೋಗುವವನು. ಒಂದು ಮನೆಯ ಹುಡುಗಿಗೆ ಕಷ್ಟಪಟ್ಟು ಗಂಡು ಸಿಕ್ಕಿದೆ, ಮುಹೂರ್ತ ತಪ್ಪಿದರೆ ಸಂಬಂಧವೇ ತಪ್ಪುತ್ತದೆ. ಆಗ ಆ ಮನೆಗೆ ಸಾವಿನ ಸುದ್ದಿ ಬರುತ್ತದೆ. ಕೊಟ್ಟರೆ ಸೂತಕ, ಮದುವೆ ನಿಂತಂತೆ. ತಾನಪ್ಪ ಮದುವೆ ಮುಗಿಯುವ ತನಕ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ನಮ್ಮ ಅತ್ತೆ ನೋಡಿ "ಪುಣ್ಯಾತ್ಮ" ಅಂದರು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಮಾವ "ಸಸ್ಪೆಂಡ್ ಮಾಡಬೇಕು ಇವನನ್ನ" ಅಂದರು. ಆ ಜಗಳ ಮಾರನೇ ದಿನದ ಕಾಫಿ ತನಕ ನಡೆಯಿತು. ಬೀಗರ ಮನೆ ಪರವಾಗಿ ಮಾತಾಡೋಕೆ ಯಾರೂ ಇರಲಿಲ್ಲ ನೋಡಿ, ಅವರಿಗೂ ಗೊತ್ತಾಗಬೇಕಿತ್ತಲ್ಲವಾ ಅಂತ ನನಗೆ ಈಗಲೂ ಅನುಮಾನ.

ಶ್ರೀರಂಗಪಟ್ಟಣದಿಂದ

ಮಿಠಾಯಿ ಅಂಗಡಿಯವನ ಕಥೆ ಮಕ್ಕಳಿಗೆ ಬೇಡ. ಹಲವು ಕಂತು ಎಳೆಯುತ್ತದೆ, ನಮ್ಮ ಮನೆಯಲ್ಲಿ ಎರಡನೆಯದಕ್ಕೇ ಮಕ್ಕಳು ಜಾಗ ಖಾಲಿ ಮಾಡಿದರು. ದೊಡ್ಡವರು ಮಲಗುವ ಮುಂಚೆ ನೋಡಿಕೊಳ್ಳಿ. ಜಗನ್ ಆಗಿ ಅನಂತನಾಗ್. ಬೆಳೆದ ಮಗ ಅಮೆರಿಕಕ್ಕೆ ಹೋಗಿ ಕಥೆ ಬರೆಯುವ ಯಂತ್ರದ ಕನಸು ಹೊತ್ತು ಬರುತ್ತಾನೆ, ಅಪ್ಪ ಭಗವದ್ಗೀತೆ ಹಿಡಿದುಕೊಂಡು ಅವನ ಮುಖ ನೋಡುತ್ತಾನೆ. ಅನಂತನಾಗ್ ಹುಟ್ಟಿದ್ದು 1948ರಲ್ಲಿ, ಆಗ ಅವರಿಗೆ ಇನ್ನೂ 40 ಆಗಿರಲಿಲ್ಲ! ಮಗನ ಹತ್ತಿರ ನೇರ ಮಾತಾಡೋಕೆ ಹೆದರುವ ಮುದುಕನ ಸಂಕೋಚ ಆ ವಯಸ್ಸಿಗೆ ಎಲ್ಲಿಂದ ತಂದರೋ. ನಿರ್ದೇಶನ ಮಾಡಿದ ತಮ್ಮ ಶಂಕರನಾಗ್, ಅಣ್ಣನಿಗಿಂತ ಆರು ವರ್ಷ ಚಿಕ್ಕವರು.

ಸರಸ್ವತಿಪುರಂನಿಂದ (ಮತ್ತೆ)

ಶ್ರೀರಂಗಪಟ್ಟಣದವರ ಮಾತಿಗೆ ನನ್ನದೂ ಸೈ. ಒಂದು ಎಚ್ಚರಿಕೆ ಸೇರಿಸುತ್ತೇನೆ. ಲೀಲಾ ಮತ್ತು ಮನೆಗೆಲಸದ ಸಿದ್ದನ ಕಥೆ ನೋಡುವಾಗ ನೀವೂ ಪಕ್ಕದಲ್ಲಿರಿ. ಮಗುವಿನ ಜೊತೆ ಆಟ ಆಡುವ, ಚಂದ್ರನ ಕಥೆ ಹೇಳುವ ಸಿದ್ದನ ಮೇಲೆ ಸರ ಕದ್ದ ಆರೋಪ ಬರುತ್ತದೆ. ಸರ ಆಮೇಲೆ ಹುಣಸೆಹಣ್ಣಿನ ಡಬ್ಬದಲ್ಲಿ ಸಿಗುತ್ತದೆ. ಸಿಕ್ಕಿದ ಮೇಲೂ ಅಪ್ಪನ ಮನಸ್ಸು ಬದಲಾಗುವುದಿಲ್ಲ. ನಮ್ಮ ಹುಡುಗ "ಸಾರಿ ಯಾಕೆ ಕೇಳಲಿಲ್ಲ" ಅಂತ ಕೇಳಿದ. ನಮ್ಮ ಮನೆ ಕೆಲಸದವರು ಅವತ್ತು ಅಡುಗೆಮನೆಯಲ್ಲೇ ಇದ್ದರು. ನಾನು ಏನು ಹೇಳಬೇಕು ಅಂತ ಹುಡುಕುವಷ್ಟರಲ್ಲಿ ಅವರೇ "ದೊಡ್ಡೋರು ಕೇಳಲ್ಲ ಕಣಪ್ಪ" ಅಂದರು.

ಸ್ವಾಮಿ ಕೊನೆಯ ಕಂತಿಗೂ ಸಿದ್ಧವಾಗಿರಿ. ಕ್ರಿಕೆಟ್ ಮ್ಯಾಚ್ ತಪ್ಪಿಸಿದ್ದಕ್ಕೆ ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೊರಟಿರುತ್ತಾನೆ, ಸ್ವಾಮಿ ಅವನಿಗೆ ಅಂತ ಪುಸ್ತಕ ಹಿಡಿದುಕೊಂಡು ಸ್ಟೇಷನ್ನಿಗೆ ಬರುತ್ತಾನೆ. ಶಾಲೆ ಬದಲಾಗಿ ಗೆಳೆಯರನ್ನು ಬಿಟ್ಟುಬಂದ ಮಕ್ಕಳಿದ್ದರೆ ಅಳು ಗ್ಯಾರಂಟಿ.

ಜಯಲಕ್ಷ್ಮೀಪುರಂನಿಂದ (ಮತ್ತೆ)

ಆ ಸ್ಟೇಷನ್ ಅರಸಾಳು, ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಾದಿಯಲ್ಲಿ. ಹಳೇ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ ಜಾನ್ ದೇವರಾಜ್ ಅವರ ಕೈಯಲ್ಲೇ. ಸ್ವಾಮಿಯ ಮನೆ ಆಗುಂಬೆಯ ದೊಡ್ಡಮನೆ. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿದೆ, ಅರಸಾಳಿನಲ್ಲಿ ನಿಲ್ಲುತ್ತದಾ ನೋಡಿಕೊಂಡು ಟಿಕೆಟ್ ಮಾಡಿಸಿ. ಆಗುಂಬೆಗೆ ಮಳೆ ಶುರುವಾಗುವ ಮುಂಚೆ ಹೋಗಿ ಬನ್ನಿ. ದೊಡ್ಡಮನೆ ಜನ ವಾಸ ಇರುವ ಮನೆ, ಹೊರಗೆ ನಿಂತು ಕೇಳಿಯೇ ಒಳಗೆ ಹೋಗಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಮೊದಲ ರಾತ್ರಿ ಕಳ್ಳನ ಕಥೆ, ಆಮೇಲೆ ರೋಡ್ ರೋಲರ್, ಅಲ್ಲಿಂದ ಸ್ವಾಮಿ ಸಾಲಾಗಿ. ತಾನಪ್ಪನನ್ನು ಅಮ್ಮನ ಭಾನುವಾರಕ್ಕೆ ಇಟ್ಟಿದ್ದೇನೆ. ವಿಷ್ಣು ಕಂತನ್ನು ಭಾವ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಬಂದಾಗ ಹಾಕುತ್ತೇನೆ. ಅವರು ಸಾಫ್ಟ್‌ವೇರ್‌ನಲ್ಲಿದ್ದಾರೆ, ರಾತ್ರಿ ಹತ್ತಕ್ಕೂ ಕಾಲ್‌ನಲ್ಲೇ ಇರುತ್ತಾರೆ, ಲ್ಯಾಪ್‌ಟಾಪ್ ಮುಚ್ಚಿಸೋದು ಹೇಗೆ ಅಂತ ಯಾರಾದರೂ ಹೇಳಿ.

ಮಂಡ್ಯದಿಂದ

ಮುಚ್ಚಿಸಬೇಡಿ ಅಕ್ಕ. ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಇಡಿ.