ಸಹಾಯ ಬೇಕು: ನ್ಯೂಸ್ ಚಾನೆಲ್‌ನಿಂದ ಕಮ್ಯುನಿಕೇಷನ್ಸ್ ಕೆಲಸಕ್ಕೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕನ್ನಡ ನ್ಯೂಸ್ ಚಾನೆಲ್‌ನಲ್ಲಿ 11 ವರ್ಷದಿಂದ ಬುಲೆಟಿನ್ ಪ್ರೊಡ್ಯೂಸರ್ ಆಗಿದ್ದೇನೆ. ರನ್‌ಡೌನ್ (ಯಾವ ಸುದ್ದಿ ಯಾವಾಗ ಹೋಗಬೇಕು ಅನ್ನುವ ಪಟ್ಟಿ) ಕಟ್ಟುವುದು, ಪಿಸಿಆರ್‌ನಲ್ಲಿ (ಪ್ರೊಡಕ್ಷನ್ ಕಂಟ್ರೋಲ್ ರೂಮ್) ಕೂತು ಆ್ಯಂಕರ್ ಕಿವಿಗೆ ಕ್ಯೂ ಕೊಡುವುದು, 2023ರ ಮೇ 13ರಂಥ ವಿಧಾನಸಭೆ ಚುನಾವಣೆಯ ಮತ ಎಣಿಕೆಯ ದಿನ 224 ಕ್ಷೇತ್ರಗಳ ಲೆಕ್ಕ ತಪ್ಪದ ಹಾಗೆ ರಾತ್ರಿವರೆಗೂ ನೋಡಿಕೊಳ್ಳುವುದು, ಇದೆಲ್ಲ ನನಗೆ ತುಂಬಾ ಇಷ್ಟದ ಕೆಲಸ. ಆದರೆ ನೈಟ್ ಶಿಫ್ಟ್ ಜಾಸ್ತಿಯಾಗಿ ಮಗಳ ಜೊತೆ ಕೂರುವುದಕ್ಕೇ ಆಗುತ್ತಿಲ್ಲ. ಹಾಗಾಗಿ ಆಸ್ಪತ್ರೆ ಅಥವಾ ಎನ್‌ಜಿಒಗಳ ಕಮ್ಯುನಿಕೇಷನ್ಸ್ ವಿಭಾಗಕ್ಕೆ ಹೋಗಬೇಕು ಅಂತಿದ್ದೇನೆ.

ಮೂರು ಇಂಟರ್‌ವ್ಯೂ ಆಯ್ತು. ಎಲ್ಲ ಕಡೆ ಪೋರ್ಟ್‌ಫೋಲಿಯೊ ಕೇಳುತ್ತಾರೆ. ಬುಲೆಟಿನ್‌ನಲ್ಲಿ ಪ್ರೊಡ್ಯೂಸರ್ ಹೆಸರು ಬರುವುದಿಲ್ಲ ಅಲ್ವಾ, ಏನು ತೋರಿಸಲಿ? ಸುದ್ದಿಮನೆಯಿಂದ ಹೀಗೆ ದಾಟಿದವರು ಇಲ್ಲಿದ್ದರೆ, ರೆಸ್ಯೂಮೆಯಲ್ಲಿ ಆ ಕೆಲಸವನ್ನು ಹೇಗೆ ಬರೆದಿರಿ ದಯವಿಟ್ಟು ಹೇಳಿ. ನಾನೇ ಮಾದರಿ ಪ್ರೆಸ್ ನೋಟ್ ಬರೆದು ಇಟ್ಟರೆ ಸಾಕಾ? ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.