ಕಡತಗಳನ್ನು ಇನ್ನೊಂದು ಕಂಪ್ಯೂಟರಿಗೆ ನಕಲಿಸುವಾಗ ಹಳೆಯ ದಿನಾಂಕ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ):
ನಮಸ್ಕಾರ. ಶಿರಸಿ ಸೀಮೆಯಲ್ಲಿ ಹಲವು ಮಳೆಗಾಲಗಳಿಂದ ನಾನು ಧ್ವನಿಮುದ್ರಿಸಿಕೊಂಡ ತಾಳಮದ್ದಲೆಗಳು ಮನೆಯ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿವೆ. ಯಾವ ಕೂಟ ಯಾವ ರಾತ್ರಿ ನಡೆಯಿತು ಎಂಬುದಕ್ಕೆ ಅನೇಕ ಕಡತಗಳಲ್ಲಿ ಅವುಗಳ ದಿನಾಂಕವೊಂದೇ ಆಧಾರ. ಮೊನ್ನೆ ಎಸ್‌ಸಿಪಿ (ಜಾಲದ ಮೂಲಕ ಕಡತಗಳನ್ನು ನಕಲಿಸುವ ಆದೇಶ) ಬಳಸಿ ಎಲ್ಲವನ್ನೂ ಹೊಸ ಲಿನಕ್ಸ್ ಕಂಪ್ಯೂಟರಿಗೆ ಕಳಿಸಿದೆ; ನೋಡಿದರೆ ಪ್ರತಿಯೊಂದಕ್ಕೂ ನಕಲು ಮಾಡಿದ ದಿನದ ದಿನಾಂಕವೇ ಬಿದ್ದಿದೆ. ಮೂಲ ಕಡತಗಳನ್ನು ಅಳಿಸಿಲ್ಲ. ಸುಮಾರು 300 ಜಿಬಿಯನ್ನು ಮತ್ತೆ ಮೊದಲಿನಿಂದ ಕಳಿಸಲೇಬೇಕೇ?

ಉತ್ತರ (ಕಾರವಾರದಿಂದ):
ಮೂಲವನ್ನು ಅಳಿಸದೆ ಇಟ್ಟುಕೊಂಡದ್ದು ಬಹಳ ಒಳ್ಳೆಯದಾಯಿತು. ಎಸ್‌ಸಿಪಿಗೆ ಸಣ್ಣ ‘ಪಿ’ (-p) ಆಯ್ಕೆಯನ್ನು ಕೊಡದಿದ್ದರೆ ಅದು ಕಡತದ ಬದಲಾವಣೆಯ ಸಮಯವನ್ನು ಒಯ್ಯುವುದಿಲ್ಲ. ಕೊಟ್ಟರೂ ಒಡೆತನವನ್ನು, ಅಂದರೆ ಕಡತ ಯಾವ ಬಳಕೆದಾರರದ್ದು ಎಂಬ ಗುರುತನ್ನು, ಒಯ್ಯುವುದಿಲ್ಲ. ಈಗ ಎಲ್ಲವನ್ನೂ ಪುನಃ ಕಳಿಸಬೇಕಾಗಿಲ್ಲ. ಅದೇ ಎರಡು ಫೋಲ್ಡರುಗಳ ನಡುವೆ ಆರ್‌ಸಿಂಕನ್ನು (ಎರಡು ಕಡೆಯ ಕಡತಗಳನ್ನು ಹೋಲಿಸಿ ಹೊಂದಿಸುವ ಆದೇಶ) ಸಣ್ಣ ‘ಎ’ (-a) ಆಯ್ಕೆಯೊಂದಿಗೆ ಓಡಿಸಿ. ಗಾತ್ರ ಒಂದೇ ಆಗಿದ್ದು ಸಮಯ ಬೇರೆಯಾಗಿರುವ ಕಡತಗಳನ್ನು ಅದು ಎರಡೂ ಕಡೆ ತುಂಡುತುಂಡಾಗಿ ಹೋಲಿಸಿ ನೋಡುತ್ತದೆ. ಒಳಗಿನ ದತ್ತಾಂಶದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಜಾಲದ ಮೇಲೆ ಹೋಗುವುದು ಹೋಲಿಕೆಗೆ ಬೇಕಾದ ಸ್ವಲ್ಪ ಮಾಹಿತಿ ಮಾತ್ರ, ಕೊನೆಗೆ ಮೂಲದ ದಿನಾಂಕವನ್ನು ನಕಲಿಗೂ ಹಾಕುತ್ತದೆ. ಡಿಸ್ಕುಗಳನ್ನು ಪೂರ್ತಿ ಓದಬೇಕಾದ್ದರಿಂದ ಸಮಯವಂತೂ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಅದೇ ಆದೇಶವನ್ನು ಮತ್ತೆ ಕೊಡಿ: ಸಮಯ, ಗಾತ್ರ ಎರಡೂ ಹೊಂದಿದ ಕಡತಗಳನ್ನು ಅದು ಮುಟ್ಟದೆ ಮುಂದೆ ಹೋಗುತ್ತದೆ.

ಉತ್ತರ (ಕುಮಟಾದಿಂದ):
ಮೇಲಿನ ಸಲಹೆ ಸರಿ. ಆದರೆ ಮೊದಲು ಸಣ್ಣ ‘ಎನ್’ ಆಯ್ಕೆಯನ್ನೂ ಸಣ್ಣ ‘ವಿ’ಯನ್ನೂ ಸೇರಿಸಿ ಓಡಿಸಿದರೆ ಏನನ್ನೂ ಬದಲಿಸದೆ ಏನಾಗಲಿದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಯ ಓರೆಗೆರೆಯನ್ನು ದಯವಿಟ್ಟು ಗಮನಿಸಿ: ಅದಿದ್ದರೆ ಒಳಗಿನ ಕಡತಗಳಷ್ಟೇ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಒಂದರೊಳಗೊಂದು ಕೂರುತ್ತದೆ. ನಾನು ಇದರಲ್ಲಿ ಎಡವಿ ಒಂದಿಡೀ ಸಂಗ್ರಹವನ್ನು ಎರಡು ಪ್ರತಿ ಮಾಡಿಕೊಂಡಿದ್ದೆ. ಕಡತಗಳ ಒಡೆತನವೂ ಉಳಿಯಬೇಕಾದರೆ ಪಡೆಯುವ ಕಡೆ ರೂಟ್ (ಕಂಪ್ಯೂಟರಿನ ಮುಖ್ಯ ನಿರ್ವಾಹಕರ) ಅಧಿಕಾರ ಬೇಕು. ಹಾರ್ಡ್ ಲಿಂಕ್ (ಒಂದೇ ಕಡತಕ್ಕಿರುವ ಇನ್ನೊಂದು ಹೆಸರು), ಎಸಿಎಲ್ (ಯಾರಿಗೆ ಯಾವ ಅನುಮತಿ ಎಂಬ ವಿವರವಾದ ಪಟ್ಟಿ) ಮತ್ತು ವಿಸ್ತೃತ ಗುಣಲಕ್ಷಣಗಳು (ಕಡತಕ್ಕೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಸಣ್ಣ ‘ಎ’ಯಲ್ಲಿ ಸೇರಿಲ್ಲ, ಅವಕ್ಕೆ ದೊಡ್ಡ ‘ಎಚ್’, ‘ಎ’, ‘ಎಕ್ಸ್’ ಬೇಕು. ಧ್ವನಿಮುದ್ರಣಗಳಿಗೆ ಸಾಮಾನ್ಯವಾಗಿ ಇವುಗಳ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ವರ್ಷದ ಫೋಲ್ಡರಿನ ಮೇಲೆ ಪ್ರಯೋಗಿಸಿ ನೋಡಿದೆ. ದಿನಾಂಕಗಳೆಲ್ಲ ಮೊದಲಿನಂತೆ ಬಂದಿವೆ. ಉಳಿದವನ್ನು ಇಂದು ರಾತ್ರಿ ಓಡಿಸುತ್ತೇನೆ. ಮುಗಿದ ಮೇಲೆ ದಿನಾಂಕವನ್ನು ಕಡತದ ಹೆಸರಿಗೇ ಸೇರಿಸುವ ಕೆಲಸವನ್ನೂ ಹಿಡಿಯುವವನಿದ್ದೇನೆ.