ಆಸ್ತಿಕ–ನಾಸ್ತಿಕರ ವಾದ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಕಪಿಲಾತೀರ (ಪ್ರಶ್ನೆ)

ದೇವರಿದ್ದಾನೆ ಅನ್ನುವವರೂ ಇಲ್ಲ ಅನ್ನುವವರೂ ಶತಮಾನಗಳಿಂದ ವಾದ ಮಾಡುತ್ತಲೇ ಇದ್ದಾರೆ. ಒಬ್ಬರು ಇನ್ನೊಬ್ಬರನ್ನು ಒಪ್ಪಿಸಿದ್ದು ಅಪರೂಪ. ಆದರೂ ಮದುವೆಮನೆ, ಟೀ ಅಂಗಡಿ, ಟಿವಿ ಚರ್ಚೆ, ವಾಟ್ಸಾಪ್ ಗುಂಪು ಎಲ್ಲಿ ನೋಡಿದರೂ ಮತ್ತೆ ಮೊದಲಿಂದ ಶುರು. ದೇವರಿದ್ದಾನೋ ಇಲ್ಲವೋ ಅಂತ ನಾನು ಕೇಳುತ್ತಿಲ್ಲ. ವಾದ ಯಾವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಫಲ ಸಿಗುವ ಹಾಗೆ ವಾದಿಸುವ ಕ್ರಮ ಅಂತ ಏನಾದರೂ ಇದೆಯಾ? ತರ್ಕಶಾಸ್ತ್ರ ಓದಿಕೊಂಡವರು, ಪವಾಡ ಬಯಲು ಕಾರ್ಯಕ್ರಮ ನಡೆಸುವವರು ಉದಾಹರಣೆ ಸಮೇತ ಹೇಳಿ. "ನಂಬಿಕೆ ಅವರವರಿಗೆ ಬಿಟ್ಟಿದ್ದು" ಅನ್ನುವ ಉತ್ತರ ಬೇಡ. ಆ ಮಾತಿನಿಂದ ಇದುವರೆಗೆ ಯಾರೂ ವಾದ ನಿಲ್ಲಿಸಿಲ್ಲ.

ಪೂರ್ವಪಕ್ಷ

ಸಿಕ್ಕಿಕೊಳ್ಳುವ ಜಾಗ ಬಹುಪಾಲು ಒಂದೇ. ಯಾವುದನ್ನು ಪ್ರಮಾಣ (ತಿಳಿವಿಗೆ ಆಧಾರ) ಅಂತ ಒಪ್ಪಿಕೊಳ್ಳಬೇಕು ಅನ್ನುವುದನ್ನು ತೀರ್ಮಾನಿಸದೆಯೇ ಎರಡೂ ಕಡೆಯವರು ಇಳಿದುಬಿಡುತ್ತಾರೆ. ದೇವರು, ಪರಲೋಕ ಒಪ್ಪದ ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ನೈಯಾಯಿಕರಿಗೆ, ಅಂದರೆ ನ್ಯಾಯದರ್ಶನದವರಿಗೆ, ಪ್ರತ್ಯಕ್ಷ, ಅನುಮಾನ (ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು), ಉಪಮಾನ (ಹೋಲಿಕೆ), ಶಬ್ದ (ನಂಬಲರ್ಹವಾದ ಮಾತು, ಶಾಸ್ತ್ರ) ನಾಲ್ಕೂ ಬೇಕು. ಇದು ಇತ್ಯರ್ಥವಾಗದೆ ಮುಂದಿನ ಯಾವ ಮಾತೂ ಎದುರಿನವರಿಗೆ ತಟ್ಟುವುದಿಲ್ಲ.

ಒಂದೇ ಒಂದು ವಾದವನ್ನು ಬಿಡಿಸಿ ನೋಡೋಣ. ನ್ಯಾಯದರ್ಶನದವರ ಅನುಮಾನ ಹೀಗಿದೆ: ಭೂಮಿ, ಮೊಳಕೆ ಮುಂತಾದವಕ್ಕೆ ಕರ್ತೃ ಇದ್ದಾನೆ, ಏಕೆಂದರೆ ಅವು ಕಾರ್ಯಗಳು (ಉಂಟಾದವು), ಮಡಕೆಯ ಹಾಗೆ. ಎದುರಾಳಿಯ ಮೊದಲ ಆಕ್ಷೇಪ: ಭೂಮಿ ಕಾರ್ಯ ಅಂತ ಯಾರು ಹೇಳಿದರು? ಉತ್ತರ: ಅದಕ್ಕೆ ಅವಯವಗಳಿವೆ (ಬಿಡಿ ಭಾಗಗಳಿವೆ), ಅವಯವ ಇರುವುದೆಲ್ಲ ಉಂಟಾದದ್ದೇ. ಎರಡನೆಯದು: ಮಡಕೆ ಮಾಡುವವನಿಗೆ ಮೈ ಇದೆ, ಕೈ ಇದೆ, ಹಾಗಾದರೆ ಜಗತ್ತಿನ ಕರ್ತೃವಿಗೂ ಇರಬೇಕಲ್ಲ? ಮೂರನೆಯದು ನಿಜಕ್ಕೂ ಗಟ್ಟಿ: ಕಾಡಿನಲ್ಲಿ ಯಾರೂ ಬಿತ್ತದೆ ಹುಲ್ಲು ಬೆಳೆಯುತ್ತದೆ. ಕಾರ್ಯ ಇದೆ, ಕರ್ತೃ ಕಾಣುವುದಿಲ್ಲ. ಕಾರ್ಯ ಇದ್ದಲ್ಲೆಲ್ಲ ಕರ್ತೃ ಇರುತ್ತಾನೆ ಅನ್ನುವ ನಿಮ್ಮ ನಿಯಮ (ವ್ಯಾಪ್ತಿ) ಮುರಿಯಿತು. ಇದಕ್ಕೆ ನೈಯಾಯಿಕರ ಉತ್ತರ: ಆ ಹುಲ್ಲೂ ಪಕ್ಷದೊಳಗೇ, ಅಂದರೆ ಸಾಧಿಸಬೇಕಾದ ವಸ್ತುಗಳ ಗುಂಪಿನೊಳಗೇ, ಬರುತ್ತದೆ. ಅದಕ್ಕೆ ಕರ್ತೃ ಇದ್ದಾನೋ ಇಲ್ಲವೋ ಅನ್ನುವುದೇ ಇಲ್ಲಿನ ವಿವಾದ, ವಿವಾದದಲ್ಲಿರುವ ವಸ್ತುವನ್ನೇ ಪ್ರತ್ಯುದಾಹರಣೆಯಾಗಿ ತರುವ ಹಾಗಿಲ್ಲ.

ಇಲ್ಲೇ ಗಾಡಿ ನಿಲ್ಲುವುದು. ಹುಲ್ಲನ್ನು ಯಾವ ಕಡೆ ಇಡಬೇಕು ಅಂತ ಹೇಳುವ ಮೂರನೆಯ ಪ್ರಮಾಣ ಯಾರ ಹತ್ತಿರವೂ ಇಲ್ಲ. ಈಗ "ಇಷ್ಟು ಅಚ್ಚುಕಟ್ಟಾದ ಜಗತ್ತು ತಾನಾಗೇ ಆಯಿತೇ?" ಅಂತ ಕೇಳುವವರೂ "ಯಾರೂ ಮಾಡದೆ ಆಗುವುದು ಕಣ್ಣೆದುರೇ ಇದೆಯಲ್ಲ" ಅನ್ನುವವರೂ ಬಂದು ನಿಲ್ಲುವುದು ಇದೇ ಹುಲ್ಲಿನ ಮುಂದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಈ ಅನುಮಾನವನ್ನು ತಿರಸ್ಕರಿಸಿದವರಲ್ಲಿ ವೇದವನ್ನು ಒಪ್ಪುವ ಪರಮ ಆಸ್ತಿಕರೂ ಇದ್ದಾರೆ. ಮೀಮಾಂಸಾ ದರ್ಶನದ ಕುಮಾರಿಲ ಭಟ್ಟರಿಗೆ ವೇದ ಪ್ರಮಾಣ, ಆದರೆ ಸೃಷ್ಟಿಕರ್ತನನ್ನು ಅವರು ಒಪ್ಪುವುದಿಲ್ಲ. ರಾಮಾನುಜರು ಬ್ರಹ್ಮಸೂತ್ರದ 'ಶಾಸ್ತ್ರಯೋನಿತ್ವಾತ್' (ಶಾಸ್ತ್ರವೇ ಮೂಲವಾದ್ದರಿಂದ) ಅನ್ನುವ ಸೂತ್ರದ ಭಾಷ್ಯದಲ್ಲಿ, ಅನುಮಾನದಿಂದ ಈಶ್ವರ ಸಿದ್ಧಿಸುವುದಿಲ್ಲ, ಕರ್ತೃಗಳು ಹಲವರಿರಬಹುದು, ಬೇರೆ ಬೇರೆ ಕಾಲದವರಿರಬಹುದು ಅಂತ ನಾಸ್ತಿಕ ಕೇಳಬಹುದಾದ ಪ್ರಶ್ನೆಗಳನ್ನೇ ಎತ್ತುತ್ತಾರೆ. ಅವರಿಗೆ ಈಶ್ವರ ಶಾಸ್ತ್ರದಿಂದ ಮಾತ್ರ ಗೊತ್ತಾಗುವವನು. ನಮ್ಮ ಉಡುಪಿಯ ಮಧ್ವಾಚಾರ್ಯರ ನಿಲುವೂ ಅದೇ. ಹಾಗಾಗಿ ಎದುರಿಗಿರುವ ಆಸ್ತಿಕರು ಅನುಮಾನದಿಂದಲೇ ಈಶ್ವರನನ್ನು ಸಾಧಿಸುವ ನೈಯಾಯಿಕ ಉದಯನಾಚಾರ್ಯರ ದಾರಿಯವರೋ ರಾಮಾನುಜರ ದಾರಿಯವರೋ ಅಂತ ಮೊದಲು ಕೇಳಿಕೊಳ್ಳಿ. ಎರಡನೆಯವರಾದರೆ ಮಡಕೆ–ಹುಲ್ಲಿನ ಚರ್ಚೆಗೆ ಅರ್ಥವೇ ಇಲ್ಲ. ಅಲ್ಲಿ ಕೇಳಬೇಕಾದ್ದು "ಶಬ್ದ ಏಕೆ ಪ್ರಮಾಣ?" ಅಂತ.

ಕ್ರಮ ಕೇಳಿದಿರಿ. ನ್ಯಾಯದರ್ಶನದ ಮೂಲಗ್ರಂಥ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಬಗೆ: ತತ್ತ್ವ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವರದ್ದನ್ನು ಕೆಡವಲು ವಿತಂಡ. ಟಿವಿಯಲ್ಲಿ ನಡೆಯುವುದು ಜಲ್ಪ, ಅದು ನೋಡುವವರಿಗಾಗಿ. ಅಲ್ಲಿ ಎದುರಿನವರು ಒಪ್ಪಲಿಲ್ಲ ಅಂತ ಕೊರಗಬೇಕಾಗಿಲ್ಲ. ವಾದ ಎಂದೂ ಮುಗಿಯದೆ ಇರುವುದಕ್ಕೆ ಇದೂ ದೊಡ್ಡ ಕಾರಣ: ಕೇಳುವವರು ಪ್ರತಿಸಲ ಹೊಸಬರು.

ನಿಗ್ರಹಸ್ಥಾನಗಳು, ಅಂದರೆ ಸೋತಂತೆ ಎಣಿಸುವ ಜಾಗಗಳು, 22 ಇವೆ. ಅದರಲ್ಲಿ ನಾಲ್ಕು ಗೊತ್ತಿದ್ದರೆ ಮುಕ್ಕಾಲು ಜಗಳ ಹಿಡಿತಕ್ಕೆ ಬರುತ್ತದೆ. ಆಕ್ಷೇಪ ಬಂದ ಕೂಡಲೇ ಹೇಳಿಕೆಯನ್ನೇ ಬದಲಿಸುವುದು ಪ್ರತಿಜ್ಞಾಂತರ ("ದೇವರು ಅಂದರೆ ವ್ಯಕ್ತಿ ಅಲ್ಲ, ಒಂದು ಶಕ್ತಿ ಅಂದೆ"). ವಿಷಯ ಬಿಟ್ಟು ಬೇರೆ ಕಡೆ ಹೋಗುವುದು ಅರ್ಥಾಂತರ. ತನ್ನ ಮೇಲಿನ ದೋಷ ಕಳೆಯದೆ "ನಿಮ್ಮಲ್ಲಿ ಇಲ್ವಾ?" ಅನ್ನುವುದು ಮತಾನುಜ್ಞೆ. ಎದುರಿನವರು ಮೂರು ಸಲ ಹೇಳಿ, ಸಭೆಗೆ ಅರ್ಥವಾದ ಮೇಲೂ ಅವರ ಮಾತನ್ನು ತಿರುಗಿ ಹೇಳಲಾರದೆ ಹೋಗುವುದು ಅನನುಭಾಷಣ. ಕೊನೆಯದನ್ನು ಇವತ್ತೇ ಜಾರಿಗೆ ತರಬಹುದು: ಉತ್ತರ ಕೊಡುವ ಮುಂಚೆ ಎದುರಿನವರ ವಾದವನ್ನು ಎರಡು ವಾಕ್ಯದಲ್ಲಿ ಹೇಳಿ, "ಹೌದು, ಇದೇ ನನ್ನ ಮಾತು" ಅಂತ ಅವರಿಂದ ಅನ್ನಿಸಿಕೊಳ್ಳಿ.

ಸುಣ್ಣ_ಅರಿಶಿನ

ಪೂರ್ವಪಕ್ಷ ಅವರು ಹೇಳಿದ್ದು ದೇವರ ಅಸ್ತಿತ್ವದ ಮಾತು. ಜನ ದಿನಾ ವಾದಿಸುವುದರಲ್ಲಿ ಅರ್ಧ ಅದಲ್ಲ, ಪವಾಡ. ಅಲ್ಲಿ ಪ್ರತ್ಯಕ್ಷವೇ ಪ್ರಮಾಣ ಅಂತ ಎರಡೂ ಕಡೆಯವರು ಒಪ್ಪಿಯೇ ಬಂದಿರುತ್ತಾರೆ ("ನಾನೇ ಕಣ್ಣಾರೆ ನೋಡಿದೆ"). ಆದ್ದರಿಂದ ಅದು ಮುಗಿಯುವ ವಾದ, ಸರಿಯಾಗಿ ನಡೆಸಿದರೆ.

1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿದ ಸುದ್ದಿ ತೆಗೆದುಕೊಳ್ಳಿ. ಚಮಚದ ತುಂಬಾ, ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು ಹಾಲು ಹಾಕಿ, ಒದ್ದೆ ವಿಗ್ರಹದ ಸೊಂಡಿಲಿಗೆ ತಾಗಿಸಿ ಸ್ವಲ್ಪ ಓರೆ ಮಾಡಿದರೆ ಹಾಲು ಎಳೆದುಕೊಂಡ ಹಾಗೆ ಹೋಗುತ್ತದೆ. ಮೇಲ್ಮೈ ಸೆಳೆತದಿಂದ ಅದು ಚಮಚದಿಂದ ಹೊರಬಂದು ತೆಳುವಾದ ಪದರವಾಗಿ ಕೆಳಗೆ ಹರಿಯುತ್ತದೆ. ಬಿಳಿ ಅಮೃತಶಿಲೆಯ ಮೇಲೆ ಬಿಳಿ ಹಾಲು, ಕಾಣುವುದಿಲ್ಲ. ಹಾಲಿಗೆ ತಿನ್ನುವ ಬಣ್ಣ ಎರಡು ಹನಿ ಹಾಕಿ, ಹರಿದ ದಾರಿ ಗೆರೆಯಾಗಿ ಕಾಣುತ್ತದೆ. ಆಗ ಸರ್ಕಾರಿ ವಿಜ್ಞಾನಿಗಳು ದೆಹಲಿಯಲ್ಲಿ ತೋರಿಸಿದ್ದೂ ಬಣ್ಣದ ಹಾಲಿನಿಂದಲೇ. ಪ್ರಯೋಗ ಕೈಕೊಡುವುದು ವಿಗ್ರಹ ಒಣಗಿದ್ದಾಗ ಅಥವಾ ಚಮಚ ಅರ್ಧ ಮಾತ್ರ ತುಂಬಿದಾಗ. ಹಾಲು ಹೊರಗೇ ಬರುವುದಿಲ್ಲ, ನೋಡುವವರು "ನೋಡಿ, ನಿಮಗೆ ಆಗಲ್ಲ" ಅನ್ನುತ್ತಾರೆ. ಮೊದಲೇ ವಿಗ್ರಹಕ್ಕೆ ನೀರು ಚಿಮುಕಿಸಿ.

ನಿಂಬೆಹಣ್ಣಿನಿಂದ ರಕ್ತ ಬರಿಸುವುದು: ಚಾಕುವಿಗೆ ಮಿಥೈಲ್ ಆರೆಂಜ್ ಅನ್ನುವ ರಾಸಾಯನಿಕ ಬಣ್ಣ ಹಚ್ಚಿ ಒಣಗಿಸಿರುತ್ತಾರೆ, ಹುಳಿಗೆ ತಾಗಿದರೆ ಕೆಂಪು. ಆ ರಸ ಕುಡಿಯಬಾರದು. ಕೊಂಡ ಹಾಯುವುದು: ಇದ್ದಿಲ ಕೆಂಡ ಶಾಖವನ್ನು ನಿಧಾನ ಸಾಗಿಸುತ್ತದೆ, ಮೇಲೆ ಬೂದಿ ಇರುತ್ತದೆ, ಪಾದ ತಾಗುವುದು ಕ್ಷಣ ಮಾತ್ರ. ಸುಟ್ಟುಕೊಳ್ಳುವುದು ನಿಂತವರು, ಬಿದ್ದವರು, ಬೆರಳ ಸಂದಿಗೆ ಕೆಂಡ ಸಿಕ್ಕಿಕೊಂಡವರು. ಇದನ್ನು ಮಕ್ಕಳ ಮುಂದೆ ಮಾಡಿ ತೋರಿಸಲೇಬೇಡಿ, ಬಾಯಲ್ಲಿ ಹೇಳಿದರೆ ಸಾಕು.

ಯಾರಾದರೂ ಸವಾಲು ಒಪ್ಪಿ ಪರೀಕ್ಷೆಗೆ ಬಂದರೆ ಷರತ್ತನ್ನು ಮೊದಲೇ ಬರೆದು ಇಬ್ಬರೂ ಸಹಿ ಹಾಕಬೇಕು. ಮುಚ್ಚಿದ ಲಕೋಟೆಯೊಳಗಿನ ಚಿತ್ರ ಹೇಳುತ್ತೇನೆ ಅನ್ನುವವರಿಗೆ: 10 ಲಕೋಟೆ, 5 ಚಿತ್ರ, ಯಾವ ಲಕೋಟೆಗೆ ಯಾವುದು ಅಂತ ಪ್ರತಿಸಲ ಹೊಸದಾಗಿ ಚೀಟಿ ಎತ್ತಬೇಕು. ಸುಮ್ಮನೆ ಊಹಿಸಿದರೂ ಸರಾಸರಿ 2 ಸರಿಯಾಗುತ್ತವೆ. 7 ಅಥವಾ ಹೆಚ್ಚು ಬಂದರೆ ಗೆದ್ದಂತೆ ಅಂತ ಇಟ್ಟುಕೊಳ್ಳಿ. ಊಹೆಯಿಂದ ಅಷ್ಟು ಬರುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಲಕೋಟೆ ತುಂಬಿದವರು ಪರೀಕ್ಷೆಯ ಕೋಣೆಯಲ್ಲಿ ಇರಬಾರದು, ಮುಖ ನೋಡಿಯೇ ಓದಿಕೊಳ್ಳುವವರಿದ್ದಾರೆ. "ಆ ದಿನ ಗ್ರಹಬಲ ಇರಲಿಲ್ಲ" ಅನ್ನುವ ಸಬೂಬು ಬಾರದಿರಲು ದಿನ, ಹೊತ್ತನ್ನು ಅವರೇ ಆರಿಸಲಿ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು ಕೇಳಿಕೊಂಡರು. ಉತ್ತರ ಬರಲಿಲ್ಲ, ಪರೀಕ್ಷೆ ನಡೆಯಲಿಲ್ಲ. ಎದುರಿನವರು ಒಪ್ಪದೆ ಪರೀಕ್ಷೆ ಅನ್ನುವುದೇ ಇಲ್ಲ. ಅಲ್ಲಿಗೆ ಎರಡೂ ಕಡೆ ಮತ್ತೆ ಬರೀ ಮಾತಿಗೆ ಮರಳುತ್ತವೆ.

ಪವಾಡ ಬಯಲು ಮಾಡುವ ನಮ್ಮವರಿಗೂ ಒಂದು ಮಾತು. ಹಾಲು ಕೆಳಗೆ ಹರಿಯಿತು ಅಂತ ತೋರಿಸಿದ ಮೇಲೆ "ಆದ್ದರಿಂದ ಗಣೇಶನೇ ಇಲ್ಲ" ಅನ್ನಬೇಡಿ. ತೋರಿಸಿದ್ದು ಅಷ್ಟನ್ನಲ್ಲ. ಆ ಒಂದು ವಾಕ್ಯಕ್ಕೆ ಅದುವರೆಗೆ ಒಪ್ಪಿ ತಲೆಯಾಡಿಸುತ್ತಿದ್ದವರೆಲ್ಲ ಎದ್ದು ಹೋಗುತ್ತಾರೆ.

ನಿತ್ಯಪೂಜೆ

ಪೂಜೆ ಮಾಡುವವರ ಕಡೆಯಿಂದ ಬರೆಯುತ್ತಿದ್ದೇನೆ. ಮೇಲಿನ ಕೊನೆಯ ಮಾತಿಗೆ ಪೂರ್ತಿ ಒಪ್ಪಿಗೆ. ಪವಾಡ ಸುಳ್ಳಾದರೆ ಭಕ್ತಿಗೆ ನಷ್ಟವಿಲ್ಲ, ವಂಚಕನಿಗೆ ನಷ್ಟ. ನಾವೇ ಅದನ್ನು ಮೊದಲು ಹೇಳಬೇಕಿತ್ತು.

ವಾದ ಕೆಡುವ ಇನ್ನೊಂದು ಜಾಗ, ಉದ್ಧರಣೆ. ಕಲ್ಲ ನಾಗರಕ್ಕೆ ಹಾಲೆರೆದು ದಿಟದ ನಾಗರವನ್ನು ಕೊಲ್ಲುವವರ ಬಗ್ಗೆ ಬಸವಣ್ಣನವರ ವಚನವನ್ನು ವೇದಿಕೆಯ ಮೇಲೆ ನಾಸ್ತಿಕ ವಾದದ ಸಾಕ್ಷಿಯಾಗಿ ಓದುತ್ತಾರೆ, ಅರ್ಧಕ್ಕೇ ನಿಲ್ಲಿಸುತ್ತಾರೆ. ವಚನ ಮುಗಿಯುವುದು ಕೂಡಲಸಂಗನ ಶರಣರನ್ನು ಉದಾಸೀನ ಮಾಡುವವರ ಮೇಲೆ. ಅದು ಭಕ್ತನೊಬ್ಬ ಭಕ್ತರಿಗೆ ಮಾಡಿದ ಆಕ್ಷೇಪ. ನಮ್ಮವರ ತಪ್ಪು ಇದಕ್ಕೆ ತದ್ವಿರುದ್ಧ: ವಿಜ್ಞಾನಿಯ ಒಂದು ಸಾಲು ಕಿತ್ತು "ಅವರೂ ದೇವರನ್ನು ನಂಬಿದ್ದರು" ಅನ್ನುವುದು. ಇಡೀ ಪಠ್ಯ ಮುಂದಿಡಲಾಗದ ಉದ್ಧರಣೆಯನ್ನು ಎರಡೂ ಕಡೆಯವರು ಕೈಬಿಡಬೇಕು.

ಕಪಿಲಾತೀರ

ಉಪಕಾರವಾಯಿತು. ಮನೆಯೊಳಗಿನ ವಾದಕ್ಕೆ ಏನು ಮಾಡುವುದು? ಶ್ರಾದ್ಧ ಬಂದಾಗ ನಂಬದ ಮಗ, ನಂಬುವ ತಾಯಿ. ಅಲ್ಲಿ ಯಾರೂ ಪ್ರಮಾಣ ಕೇಳುವುದಿಲ್ಲವಲ್ಲ.

ಪೂರ್ವಪಕ್ಷ

ಅಲ್ಲಿ ವಾದ ದೇವರದ್ದಲ್ಲ, "ಅಪ್ಪನನ್ನು ಮರೆತೆಯಾ?" ಅನ್ನುವುದರದ್ದು. ಅದಕ್ಕೆ ಚಾರ್ವಾಕರ ಮಾತು ಉತ್ತರವಾಗುವುದಿಲ್ಲ. ಕೆಲಸವನ್ನು ಭಾಗ ಮಾಡಿ ನೋಡಿ: ಸಂಕಲ್ಪ, ತರ್ಪಣ, ಪಿಂಡ, ಬಂದವರಿಗೆ ಊಟ. ನಂಬದವನಿಗೆ ಅಡ್ಡಿಯಾಗುವುದು ಮುಖ್ಯವಾಗಿ ಸಂಕಲ್ಪ. ಹೆಸರು, ಗೋತ್ರ ಹೇಳಿ "ಇದನ್ನು ಇಂಥ ಫಲಕ್ಕಾಗಿ ಮಾಡುತ್ತೇನೆ" ಅಂತ ಅವನ ಬಾಯಿಂದಲೇ ಬರಬೇಕು. ಸಹೋದರ ಕರ್ತೃವಾಗಿ ಕೂರುವುದಾದರೆ ಸಾಮಾನು ತರುವುದು, ಬಡಿಸುವುದು, ಖರ್ಚು ಇವನದು. ಒಬ್ಬನೇ ಮಗನಾದರೆ ಈ ದಾರಿ ಇಲ್ಲ. ಆಗ ತಾಯಿಯ ಹತ್ತಿರ ತಿಥಿಯ ದಿನವಲ್ಲ, ತಿಂಗಳ ಮುಂಚೆ ಮಾತಾಡಬೇಕು.

ಸುಣ್ಣ_ಅರಿಶಿನ

ಆಚರಣೆಯ ವಾದ ಮುಗಿದ ಉದಾಹರಣೆಯೂ ಇದೆ. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ನಿಷೇಧಿಸುವ ನಮ್ಮ ರಾಜ್ಯದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವುದು (ಮಡೆಸ್ನಾನ) ನಿಷೇಧದ ಪಟ್ಟಿಯಲ್ಲಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆಗಳಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಮಡೆಸ್ನಾನ ಬೇಡ ಅಂದವರಲ್ಲಿ ವಿಚಾರವಾದಿಗಳೂ ಇದ್ದರು, ಮಠಾಧೀಶರೂ ಇದ್ದರು. "ಇದರಿಂದ ಯಾರ ಮಾನಕ್ಕೆ ಕುಂದು?" ಅಂತ ಕೇಳಿದರೆ ಸಾಕಿತ್ತು, ಈಶ್ವರಸಿದ್ಧಿಯ ತನಕ ಹೋಗಬೇಕಾಗಿರಲಿಲ್ಲ.

ಆಂಧ್ರದ ನಾಸ್ತಿಕ ಗೋರಾ 1940ರ ದಶಕದಲ್ಲಿ ಗಾಂಧೀಜಿ ಜೊತೆ ಸೇವಾಗ್ರಾಮದಲ್ಲಿ ವಾದಿಸಿದ್ದೂ ಹೀಗೆ ಕೆಲಸದ ಸುತ್ತಲೇ. ಗೋರಾ ಮಗಳಿಗೂ ಹರಿಜನ ಯುವಕನಿಗೂ ಮದುವೆ ಗೊತ್ತಾದಾಗ, ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳಲು ಗಾಂಧೀಜಿ ಒಪ್ಪಿದ್ದರು. ಅವರ ಹತ್ಯೆಯ ನಂತರ 1948ರಲ್ಲಿ ಮದುವೆ ಸೇವಾಗ್ರಾಮದಲ್ಲೇ ನಡೆಯಿತು. ಇಬ್ಬರಲ್ಲಿ ಯಾರೂ ತಮ್ಮ ನಿಲುವು ಬಿಟ್ಟಿರಲಿಲ್ಲ.